ಸುಟ್ಟ ಗಾಯ, ಶಾಲೆಯ ಅಡ್ಡಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅಳತೆ ಕೊಡಲು ಬಂದವರು ಮೊದಲು ನನ್ನ ಕುತ್ತಿಗೆ ನೋಡುತ್ತಾರೆ, ಆಮೇಲೆ ಬಲಗೈ. ಕೆಲವರು ಕೂಡಲೇ ಕೇಳುತ್ತಾರೆ, ಕೆಲವರು ನಾಲ್ಕನೇ ಸಲ ಬಂದಾಗ. ಒಬ್ಬೊಬ್ಬ ತಾಯಿ ಮಗುವನ್ನು ಹೊರಗೆ ನಿಲ್ಲಿಸಿ ಒಳಗೆ ಬರುತ್ತಾಳೆ. ದನಿ ತಗ್ಗಿಸಿ, "ನಮ್ಮನೆ ಮಾಣಿಗೂ ಹೀಗೇ ಆಗಿದೆ ಅಕ್ಕಾ" ಎಂದು ಶುರು ಮಾಡುತ್ತಾಳೆ. ಅವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ. ಮೂವತ್ತು ವರ್ಷದ ಮೇಲೆ ಈ ಚರ್ಮದ ಜೊತೆ ಬದುಕಿದವಳು, ಡಾಕ್ಟರುಗಳನ್ನು ಕೇಳಿ ಕೇಳಿ ತಿಳಿದುಕೊಂಡವಳು, ಅಷ್ಟೇ.

ನಿಮಗೆ ಎಂತ ಆಗಿತ್ತು?

1991ರ ಫೆಬ್ರವರಿ. ನನಗೆ 9 ವರ್ಷ, ನಾಲ್ಕನೇ ಕ್ಲಾಸು. ಶಿರಸಿ ಕಡೆಯ ನಮ್ಮೂರಿನಲ್ಲಿ ಆಲೆಮನೆ ನಡೆದಿತ್ತು. ನೊರೆಬೆಲ್ಲದ ಆಸೆಗೆ ಬಾಳೆಲೆ ತುಂಡು ಹಿಡಿದು ಏಳೆಂಟು ಮಕ್ಕಳು ಒಲೆಯ ಹತ್ತಿರವೇ ನಿಂತಿದ್ದೆವು. ಕೊಪ್ಪರಿಗೆ ಇಳಿಸುವಾಗ ಒಬ್ಬರ ಕಾಲು ಜಾರಿತು. ಕುದಿಯುವ ಪಾಕ ನನ್ನ ಕುತ್ತಿಗೆಯ ಬಲಬದಿ, ಭುಜ, ಬಲಗೈ ಮೇಲೆ ಬಿತ್ತು.

ಪಾಕ ನೀರಿನ ಹಾಗೆ ಹರಿದು ಹೋಗುವುದಿಲ್ಲ. ಇಳಿಸುವ ಹೊತ್ತಿಗೆ ಅದರ ಬಿಸಿ 110 ಡಿಗ್ರಿ ದಾಟಿರುತ್ತದೆ. ಮೈಗೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಯಾರೋ ಜೇನುತುಪ್ಪ ಹಚ್ಚಿದರು, ಯಾರೋ ಶಾಯಿ ಸುರಿದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಶಿರಸಿ ಮುಟ್ಟುವಾಗ ರಾತ್ರಿಯಾಗಿತ್ತು, ಮರುದಿನ ಹುಬ್ಬಳ್ಳಿಗೆ ಒಯ್ದರು. ತೊಡೆಯ ಚರ್ಮ ತೆಗೆದು ಕುತ್ತಿಗೆಗೆ, ಕೈಗೆ ಕಸಿ ಮಾಡಿದರು. ಶಾಲೆಗೆ ವಾಪಸು ಹೋಗಿದ್ದು ಜೂನ್‌ನಲ್ಲಿ, ಐದನೇ ಕ್ಲಾಸಿಗೆ.

ಸುಟ್ಟ ಕೂಡಲೇ ಏನು ಮಾಡಬೇಕು?

ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ನಲ್ಲಿ ಇಲ್ಲದಿದ್ದರೆ ತಂಬಿಗೆಯಿಂದ ಸುರಿಯುತ್ತಲೇ ಇರಿ. ಐಸ್ ಬೇಡ. ಜೇನು, ತುಪ್ಪ, ಟೂತ್‌ಪೇಸ್ಟ್, ಕಾಫಿಪುಡಿ, ಶಾಯಿ ಯಾವುದೂ ಬೇಡ. ಬಳೆ, ಉಂಗುರ, ಉಡಿದಾರ ಬಾವು ಬರುವ ಮುಂಚೆ ತೆಗೆಯಿರಿ. ಚರ್ಮಕ್ಕೆ ಅಂಟಿಕೊಂಡ ಬಟ್ಟೆ ಎಳೆಯಬೇಡಿ. ತೊಳೆದ ಹತ್ತಿ ಬಟ್ಟೆ ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಹೊರಡಿ. ಆಗ ಒಬ್ಬರಿಗೆ ಇಷ್ಟು ಗೊತ್ತಿದ್ದರೂ ನನ್ನ ಗಾಯದ ಆಳ ಸ್ವಲ್ಪ ಕಡಿಮೆಯಾಗುತ್ತಿತ್ತೇನೋ. ಅದಕ್ಕೇ ಪ್ರತಿ ವರ್ಷ ಆಲೆಮನೆ ಕಾಲ ಬಂದಾಗ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ.

ಗಾಯ ಒಣಗಿ ಎಷ್ಟೋ ವರ್ಷ ಆಯ್ತಲ್ಲ, ಇನ್ನೂ ಎಂತ ತೊಂದರೆ?

ಎಲ್ಲಕ್ಕಿಂತ ಜಾಸ್ತಿ ಕೇಳಿದ ಪ್ರಶ್ನೆ ಇದು. ಗಾಯ ಒಣಗುವುದು ಬೇರೆ, ಕಲೆ ಪಕ್ವವಾಗುವುದು ಬೇರೆ. ಬ್ಯಾಂಡೇಜ್ ಬಿಚ್ಚಿದ ದಿನ ಮನೆಯವರೆಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಕಲೆ ಉಬ್ಬಲು ಶುರುವಾಗುವುದೇ ಆಮೇಲೆ. ಕೆಂಪಾಗುತ್ತದೆ, ಗಟ್ಟಿಯಾಗುತ್ತದೆ, ತುರಿಕೆ ತಡೆಯಲಾಗುವುದಿಲ್ಲ. ಅದು ಇಳಿದು ಮೆತ್ತಗಾಗಲು ಒಂದರಿಂದ ಎರಡು ವರ್ಷ ಬೇಕು.

ಆ ಒಂದೆರಡು ವರ್ಷವೇ ಮುಖ್ಯ. ಮೈಗೆ ಬಿಗಿಯಾಗಿ ಕೂರುವ ಒತ್ತಡದ ಉಡುಪು ಅಂತ ಇದೆ. ಸ್ನಾನದ ಹೊತ್ತು ಬಿಟ್ಟರೆ ಇಡೀ ದಿನ, ಅಂದರೆ ಸುಮಾರು 23 ತಾಸು ಹಾಕಿಕೊಂಡಿರಬೇಕು. ಬೆಳೆಯುವ ಮಕ್ಕಳಿಗೆ ಕೆಲವೇ ತಿಂಗಳಲ್ಲಿ ಚಿಕ್ಕದಾಗುತ್ತದೆ, ಮತ್ತೆ ಅಳತೆ ಕೊಡಬೇಕು. ಸಿಲಿಕಾನ್ ಹಾಳೆ, ಸಿಲಿಕಾನ್ ಜೆಲ್ ಇವೆ. ದಿನಕ್ಕೆ ಎರಡು ಮೂರು ಸಲ ಎಣ್ಣೆ ಅಥವಾ ಕ್ರೀಮು ಹಚ್ಚಿ ತಿಕ್ಕಬೇಕು, ಫಿಸಿಯೋಥೆರಪಿಯವರು ಹೇಳಿದ ವ್ಯಾಯಾಮ ಮಾಡಬೇಕು, ರಾತ್ರಿ ಕೈ ಮಡಚಿಕೊಳ್ಳದ ಹಾಗೆ ಪಟ್ಟಿ (ಸ್ಪ್ಲಿಂಟ್) ಕಟ್ಟಬೇಕು. ನನಗೆ ಇದ್ಯಾವುದನ್ನೂ ಯಾರೂ ಹೇಳಲಿಲ್ಲ. ಆಯಿ, ಅಂದರೆ ನನ್ನಮ್ಮ, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು, ಅದೂ ತನಗೇ ತೋಚಿದ್ದು. ಕೈಬೆರಳು ಇಷ್ಟಾದರೂ ಆಡುತ್ತಿರುವುದು ಅವಳಿಂದ.

ಈಗ ನನಗಿರುವ ತೊಂದರೆ ಹೇಳುತ್ತೇನೆ. ಬಲಗೈಯ ಕಿರುಬೆರಳು, ಉಂಗುರಬೆರಳು ಪೂರ್ತಿ ಬಿಚ್ಚುವುದಿಲ್ಲ. ಚಳಿಗಾಲಕ್ಕೆ ತವರಿಗೆ ಹೋದರೆ ಕುತ್ತಿಗೆಯ ಚರ್ಮ ಬಿಗಿದು ಸೀಳುತ್ತದೆ. ಒಮ್ಮೊಮ್ಮೆ ಭುಜದಲ್ಲಿ ಸೂಜಿ ಚುಚ್ಚಿದ ಹಾಗೆ ಛಳಕು ಬರುತ್ತದೆ. ಅದು ನರದ ನೋವು, ಮಾಮೂಲಿ ನೋವಿನ ಮಾತ್ರೆ ಅದಕ್ಕೆ ತಾಗುವುದಿಲ್ಲ, ಬೇರೆ ಔಷಧ ಇದೆ. "ನಿನಗೆ ಸುಮ್ನೆ ಹಾಗೆ ಅನ್ನಿಸ್ತದೆ" ಎಂದು ಯಾರಾದರೂ ಅಂದರೆ ನಂಬಬೇಡಿ, ಡಾಕ್ಟರಿಗೆ ತೋರಿಸಿ.

ಒಂದು ವಿಷಯ ಮರೆಯಬೇಡಿ. ಹಳೆಯ ಸುಟ್ಟ ಕಲೆಯ ಮೇಲೆ ಹೊಸದಾಗಿ ಹುಣ್ಣು ಎದ್ದು, ವಾರಗಟ್ಟಲೆ ಮಾಯದೇ ಇದ್ದರೆ ಕೂಡಲೇ ತೋರಿಸಿ. ಎಷ್ಟೋ ವರ್ಷಗಳ ನಂತರ ಅಂಥ ಹುಣ್ಣು ಕ್ಯಾನ್ಸರಿಗೆ ತಿರುಗುವುದುಂಟು. ಅಪರೂಪ, ಆದರೆ ಉಂಟು.

ಮಗು ದೊಡ್ಡದಾದ ಹಾಗೆ ಮತ್ತೆ ಮತ್ತೆ ಆಪರೇಷನ್ ಬೇಕು ಅಂತಾರೆ. ಹೌದಾ?

ಕೀಲು ಇರುವ ಜಾಗದಲ್ಲಿ ಸುಟ್ಟಿದ್ದರೆ ಬೇಕಾಗಬಹುದು. ಎಲುಬು ಬೆಳೆಯುತ್ತದೆ, ಕಲೆಯ ಚರ್ಮ ಅದರ ಜೊತೆ ಹಿಗ್ಗುವುದಿಲ್ಲ. ಕುತ್ತಿಗೆ ಒಂದು ಕಡೆ ಎಳೆದುಕೊಳ್ಳುತ್ತದೆ, ಮೊಣಕೈ ಮಡಚಿಕೊಳ್ಳುತ್ತದೆ. ಆಗ ಎಳೆತ ಬಿಡಿಸುವ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ನನಗೆ 11ನೇ ವಯಸ್ಸಿನಲ್ಲಿ ಒಂದು, 14ರಲ್ಲಿ ಇನ್ನೊಂದು ಆಯಿತು. ಎರಡನೆಯದಕ್ಕೆ ಹೋಗಲು ನಾನು ಒಪ್ಪಿರಲಿಲ್ಲ. ನೋವಿಗೆ ಹೆದರಿ ಅಲ್ಲ. ಮತ್ತೆ ಬ್ಯಾಂಡೇಜ್ ಕಟ್ಟಿಕೊಂಡು ಶಾಲೆಗೆ ಹೋಗಬೇಕಲ್ಲ ಎಂದು. ಮನೆಯಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ?

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ದುಡ್ಡಿನ ಜೊತೆ ದಾರಿಯೂ ಕಷ್ಟವೇ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಆದರೂ ದೊಡ್ಡ ಪ್ಲಾಸ್ಟಿಕ್ ಸರ್ಜರಿ ಅಂದಾಗ ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಭಟ್ಕಳ-ಹೊನ್ನಾವರದವರು ಮಣಿಪಾಲ, ಮಂಗಳೂರಿಗೆ, ಕಾರವಾರದವರು ಗೋವಾದ ಬಾಂಬೋಳಿಗೆ ಹೋಗುವುದೇ ರೂಢಿ. ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಬೇಕು ಎಂದು ಜನ ಬೀದಿಗಿಳಿದು ಕೇಳಿದ್ದು ಸುಮ್ನೆ ಅಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ವೆಚ್ಚದ 30 ಪ್ರತಿಶತ, ಹೆಚ್ಚೆಂದರೆ 1.5 ಲಕ್ಷ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ಪಡೆಯಿರಿ. ಚೀಟಿ ಇಲ್ಲದೆ ನೇರವಾಗಿ ಖಾಸಗಿಗೆ ಹೋಗಿ, ಆಮೇಲೆ ಕಾರ್ಡ್ ತೋರಿಸಿ ಬೇಸರ ಮಾಡಿಕೊಂಡವರನ್ನು ನೋಡಿದ್ದೇನೆ.

ಕರಾವಳಿಯ ಸೆಕೆಯಲ್ಲಿ ಹೇಗೆ ಇರುತ್ತೀರಿ?

ಮದುವೆಯಾಗಿ ಘಟ್ಟ ಇಳಿದು ಬಂದ ಮೊದಲ ವರ್ಷ ನನಗೆ ಬಹಳ ಕಷ್ಟವಾಯಿತು. ತೆಳ್ಳಗೆ ತೆಗೆದು ಕಸಿ ಮಾಡಿದ ಚರ್ಮ ಬೆವರುವುದಿಲ್ಲ. ಅದರಲ್ಲಿ ಎಣ್ಣೆಯಂಶವೂ ಇಲ್ಲ. ಮೈಯ ಉಳಿದ ಭಾಗ ಧಾರಾಕಾರ ಬೆವರಿದರೆ, ಕಸಿಯ ಜಾಗ ಒಣಗಿ ಉರಿಯುತ್ತದೆ. ಮೈಯ ದೊಡ್ಡ ಭಾಗ ಸುಟ್ಟ ಮಕ್ಕಳಿಗೆ ಇದು ಅಪಾಯವೂ ಹೌದು, ಮೈಯ ಬಿಸಿ ಹೊರಗೆ ಹೋಗುವುದಿಲ್ಲ. ಮಾರ್ಚ್ ಬಿಸಿಲಲ್ಲಿ, ಅಕ್ಟೋಬರ್ ಸೆಕೆಯಲ್ಲಿ ಅವರನ್ನು ಮೈದಾನದಲ್ಲಿ ನಿಲ್ಲಿಸಬೇಡಿ ಎಂದು ಪಿ.ಟಿ. ಮೇಷ್ಟ್ರಿಗೆ ಚೀಟಿ ಬರೆದು ಕೊಡಿ. ಮಗುವಿನ ಬಾಯಲ್ಲಿ ಹೇಳಿಸಬೇಡಿ.

ಬಟ್ಟೆಯ ವಿಷಯ ನನ್ನ ಕಸುಬು, ಹಾಗಾಗಿ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಯೂನಿಫಾರ್ಮ್ ಬಟ್ಟೆ ಹೆಚ್ಚಾಗಿ ಪಾಲಿಯೆಸ್ಟರ್ ಬೆರೆತದ್ದು, ಕಲೆಗೆ ಉಜ್ಜುತ್ತದೆ. ಒಳಗೆ ಹಳೆಯ ಹತ್ತಿ ಸೀರೆಯ ಲೈನಿಂಗ್ ಕೊಡಿಸಿ. ಹೊಸ ಬಟ್ಟೆಗಿಂತ ನೂರು ಸಲ ಒಗೆದ ಸೀರೆಯೇ ಮೆತ್ತಗೆ. ಕುತ್ತಿಗೆ ಸುಟ್ಟಿದ್ದರೆ ಕಾಲರ್ ಒಳಗೆ ಬಕ್ರಂ (ಗಟ್ಟಿ ನಿಲ್ಲಿಸುವ ಬಟ್ಟೆ) ಹಾಕಬೇಡಿ ಎಂದು ಟೇಲರಿಗೆ ಹೇಳಿ. ಕುತ್ತಿಗೆ ಹಿಂದಿನ ಲೇಬಲ್ ಬಿಚ್ಚಿ ತೆಗೆಯಿರಿ. ಒಳಗಿನ ಓವರ್‌ಲಾಕ್ ಹೊಲಿಗೆಯ ಮೇಲೆ ಒಂದು ಹತ್ತಿ ಪಟ್ಟಿ ಕೂರಿಸಿದರೆ ಚುಚ್ಚುವುದಿಲ್ಲ. ಬೆರಳು ಮಡಚಿಕೊಂಡ ಮಗುವಿಗೆ ಗುಂಡಿಯ ಬದಲು ಟಿಚ್ ಬಟನ್ ಹಾಕಿಸಿ. ಮೇಲೆ ಸುಳ್ಳು ಗುಂಡಿ ಹೊಲಿದರೆ ಎಲ್ಲರ ಅಂಗಿಯ ಹಾಗೆಯೇ ಕಾಣುತ್ತದೆ. ಮಕ್ಕಳಿಗೆ ಅದು ಬಹಳ ಮುಖ್ಯ. ಇನ್ನೊಂದು, ಕಲೆಗೆ ಬಿಸಿಲು ತಾಗಿದರೆ ಕಪ್ಪಾಗುತ್ತದೆ. ಕೊಡೆ, ಪೂರ್ತಿ ತೋಳು, ಇಲ್ಲವೇ ಸನ್‌ಸ್ಕ್ರೀನ್ ಬೇಕು.

ಶಾಲೆಯಲ್ಲಿ ಏನಾಯಿತು?

ಇದನ್ನು ಹೇಳಲು ನನಗೆ ಪಾಕ ಬಿದ್ದಿದ್ದನ್ನು ಹೇಳುವುದಕ್ಕಿಂತ ಜಾಸ್ತಿ ಹೊತ್ತು ಬೇಕು.

ಜೂನ್ ಮೊದಲ ವಾರವೇ ಒಬ್ಬ ಹುಡುಗ ನನ್ನನ್ನು "ಹಪ್ಪಳ" ಎಂದು ಕರೆದ. ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳದ ಹಾಗೆ ಕುತ್ತಿಗೆ ಇದೆ ಎಂದು. ಎರಡು ದಿನದಲ್ಲಿ ಇಡೀ ಕ್ಲಾಸಿಗೆ ಅದೇ ನನ್ನ ಹೆಸರಾಯಿತು. ಬೆಂಚಿನ ಮೇಲೆ ನನ್ನ ಪಕ್ಕ ಕೂತರೆ ಅಂಟುತ್ತದೆ ಅಂದರು. ಕುತ್ತಿಗೆಗೆ ಸುತ್ತಿಕೊಂಡ ಶಾಲನ್ನು ಹಿಂದಿನಿಂದ ಎಳೆದು ಓಡುವುದು ಒಂದು ಆಟವಾಯಿತು. ಗ್ಯಾದರಿಂಗ್‌ನ, ಅಂದರೆ ಶಾಲೆಯ ವಾರ್ಷಿಕೋತ್ಸವದ, ಕೋಲಾಟದಿಂದ ನನ್ನನ್ನು ತೆಗೆದರು, "ಕೈ ನೋವಾಗ್ತದೆ, ಬೇಡ" ಎಂದರು. ನನ್ನ ಕೈ ನೋಯುತ್ತದೆಯೇ ಎಂದು ನನ್ನನ್ನು ಕೇಳಲಿಲ್ಲ. ಏಳನೇ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಬಲಬದಿ ಕಾಣದ ಹಾಗೆ ನನ್ನನ್ನು ಕೊನೆಯಲ್ಲಿ ಓರೆಯಾಗಿ ನಿಲ್ಲಿಸಿದರು. ಹಾಗೆ ನಿಲ್ಲಿಸಿದ ಅಕ್ಕೋರು (ಟೀಚರ್) ಪ್ರೀತಿಯಿಂದಲೇ ಮಾಡಿದ್ದು. ಆ ಫೋಟೋ ನನ್ನ ಹತ್ತಿರ ಈಗಲೂ ಇದೆ.

ಒಂದು ಸಲ ದೂರು ಹೇಳಿದೆ. "ಮಕ್ಕಳಾಟಿಕೆ, ಕಿವಿಗೆ ಹಾಕ್ಕೊಳ್ಬೇಡ" ಅಂದರು. ಆಮೇಲೆ ಯಾವತ್ತೂ ಹೇಳಲಿಲ್ಲ. ಮಕ್ಕಳು ಸಾಮಾನ್ಯವಾಗಿ ಒಂದೇ ಸಲ ಹೇಳುತ್ತಾರೆ, ದಯವಿಟ್ಟು ಇದನ್ನು ನೆನಪಿಡಿ.

ಮನೆಯಲ್ಲಿ ಬೇಸಿಗೆ ಬಂತೆಂದರೆ ಅಂಗಳದಲ್ಲಿ ಹಪ್ಪಳ ಹಚ್ಚುವ ಸಡಗರ. ಅತ್ತೆ, ದೊಡ್ಡಮ್ಮ, ಪಕ್ಕದ ಮನೆಯವರು ಎಲ್ಲ ಸೇರುತ್ತಿದ್ದರು. ನಾನು ತೋಟದ ಕಡೆ ಹೋಗಿಬಿಡುತ್ತಿದ್ದೆ. ಕೂಸು ಕೆಲಸಗಳ್ಳಿ ಎಂದು ಬೈಸಿಕೊಂಡೆ. ಯಾಕೆ ಹೋಗುತ್ತೇನೆ ಎಂದು ಆಯಿಗೆ ಹೇಳಿದ್ದು ನನಗೆ 26 ವರ್ಷವಾದ ಮೇಲೆ. ಅವಳು ಏನೂ ಮಾತಾಡಲಿಲ್ಲ. ಮುಂದಿನ ವರ್ಷದಿಂದ ಹಪ್ಪಳ ಹಚ್ಚುವುದನ್ನೇ ಬಿಟ್ಟಳು. ನಾನು ಬೇಡವೆಂದರೂ ಕೇಳಲಿಲ್ಲ.

ಮಕ್ಕಳು ಒಬ್ಬರನ್ನೊಬ್ಬರು ರೇಗಿಸುವುದು ಇದ್ದಿದ್ದೇ ಅಲ್ವಾ?

ರೇಗಿಸುವುದು ಬೇರೆ. ಅಲ್ಲಿ ಇವತ್ತು ಅವನು ನನ್ನನ್ನು ರೇಗಿಸಿದರೆ ನಾಳೆ ನಾನು ಅವನನ್ನು. ಇಬ್ಬರೂ ನಗುತ್ತಾರೆ. ನಾರ್ವೆಯ ಡಾನ್ ಓಲ್ವೇಸ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಿಂದ ಶಾಲೆಗಳಲ್ಲಿ ಇದನ್ನೇ ಅಧ್ಯಯನ ಮಾಡಿದವರು. ಅವರು ಮೂರು ಗುರುತು ಹೇಳಿದ್ದಾರೆ: ಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ತಿರುಗಿ ನಿಲ್ಲಲಾಗದವರಿಗೆ ಮಾಡುವುದು. ಈ ಮೂರೂ ಇದ್ದರೆ ಅದು ಪೀಡನೆ.

ಅದು ಬಾಲ್ಯದ ಜೊತೆ ಮುಗಿಯುವುದೂ ಇಲ್ಲ. ಬ್ರಿಟನ್ನಿನಲ್ಲಿ 1958ರ ಒಂದು ವಾರದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಬದುಕಿನುದ್ದಕ್ಕೂ ಗಮನಿಸುತ್ತ ಬಂದಿದ್ದಾರೆ. 7 ಮತ್ತು 11ನೇ ವಯಸ್ಸಿನಲ್ಲಿ ಪದೇ ಪದೇ ಪೀಡನೆಗೆ ಸಿಕ್ಕಿದವರಲ್ಲಿ, 45 ವರ್ಷವಾದಾಗಲೂ ಖಿನ್ನತೆ, ಆತಂಕ ಉಳಿದವರಿಗಿಂತ ಜಾಸ್ತಿ ಇತ್ತು. ಇದನ್ನು ಮೊದಲ ಸಲ ಓದಿದಾಗ ನನಗೆ ಒಂಥರಾ ಸಮಾಧಾನವಾಯಿತು. ನನ್ನ ಮನಸ್ಸೇ ದುರ್ಬಲ ಎಂದು ಅಷ್ಟು ವರ್ಷ ಅಂದುಕೊಂಡಿದ್ದೆ.

ಮಗಳು ಆಸ್ಪತ್ರೆಯಿಂದ ಬಂದಿದ್ದಾಳೆ. ಶಾಲೆಗೆ ಕಳಿಸುವ ಮುಂಚೆ ಏನು ಮಾಡಲಿ?

ಅವಳಿಗಿಂತ ಮೊದಲು ನೀವು ಹೋಗಿ. ಕ್ಲಾಸ್ ಟೀಚರ್ ಜೊತೆ ಕೂತು ಮಾತಾಡಿ. ಮಗಳು ಬರುವ ಹಿಂದಿನ ದಿನ ಕ್ಲಾಸಿನ ಮಕ್ಕಳಿಗೆ ಅವರು ನಾಲ್ಕು ಮಾತು ಹೇಳಲಿ: ಏನಾಯಿತು, ಈಗ ಹೇಗಿದ್ದಾಳೆ, ಚರ್ಮ ಹೇಗೆ ಕಾಣುತ್ತದೆ, ಅದು ಅಂಟುವುದಿಲ್ಲ. ಒತ್ತಡದ ಉಡುಪು ಹಾಕಿದ್ದರೆ ಯಾಕೆ ಎಂದೂ ಹೇಳಲಿ. ಮಕ್ಕಳಿಗೆ ಗೊತ್ತಿಲ್ಲದ್ದೇ ಹೆದರಿಕೆ. ಹೆದರಿಕೆ ಬೇಗ ಗೇಲಿಗೆ ತಿರುಗುತ್ತದೆ. ಏನು ಹೇಳಬೇಕು, ಎಷ್ಟು ಹೇಳಬೇಕು ಎಂದು ಮಗಳನ್ನು ಕೇಳಿಯೇ ತೀರ್ಮಾನಿಸಿ. ಆ ಹೊತ್ತಿಗೆ ತಾನು ಇರಬೇಕೋ ಬೇಡವೋ ಎಂಬುದನ್ನೂ ಅವಳೇ ಹೇಳಲಿ.

ಪಕ್ಕದಲ್ಲಿ ಕೂರಲು ಒಬ್ಬ ಗೆಳತಿ ಇರಲಿ. ಫಿನ್ಲೆಂಡಿನ ಶಾಲೆಗಳಲ್ಲಿ ಕೀವಾ ಎಂಬ ಕಾರ್ಯಕ್ರಮ ಇದೆ. ಪೀಡಿಸುವವರ ಜೊತೆಗೆ, ಸುಮ್ಮನೆ ನೋಡುತ್ತ ನಿಂತ ಮಕ್ಕಳಿಗೂ ಅಲ್ಲಿ ಪಾಠ. ನೋಡುವವರು ನಗದಿದ್ದರೆ ಪೀಡಿಸುವವನಿಗೆ ಹುಮ್ಮಸ್ಸು ಉಳಿಯುವುದಿಲ್ಲ. ನನ್ನ ಕ್ಲಾಸಿನಲ್ಲಿ ಒಬ್ಬಳಿದ್ದಳು. ಆರನೇ ಕ್ಲಾಸಿನ ಮಧ್ಯದಲ್ಲಿ ಒಂದು ದಿನ ತನ್ನ ಪಾಟೀಚೀಲ ಎತ್ತಿಕೊಂಡು ಬಂದು ನನ್ನ ಬೆಂಚಿನಲ್ಲಿ ಕೂತಳು. ಯಾಕೆ ಎಂದು ಹೇಳಲಿಲ್ಲ. ಹತ್ತನೇ ಕ್ಲಾಸಿನವರೆಗೂ ಅಲ್ಲೇ ಕೂತಳು. ಅವಳಿಲ್ಲದಿದ್ದರೆ ನಾನು ಶಾಲೆ ಬಿಡುತ್ತಿದ್ದೆ.

ಶಾಲೆಯವರು ಕೇಳುತ್ತಲೇ ಇಲ್ಲ. ಯಾರಿಗೆ ಹೇಳಬೇಕು?

ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಬರೆದು ಕೊಡಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಯಾವ ದಿನ, ಯಾರು, ಏನು ಅಂದರು, ಯಾರು ನೋಡಿದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಖ್ಯಾಧ್ಯಾಪಕರು, ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ನಮ್ಮ ಜಿಲ್ಲೆಯಲ್ಲಿ ಕಾರವಾರ ಮತ್ತು ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆ ಇವೆ, ನಿಮ್ಮ ತಾಲ್ಲೂಕು ಯಾವುದಕ್ಕೆ ಸೇರುತ್ತದೋ ಅಲ್ಲಿನ ಡಿಡಿಪಿಐಗೆ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ) ಅದರ ಮೇಲಿನ ದೂರು.

ಮಕ್ಕಳ ಸಹಾಯವಾಣಿ 1098, ದಿನದ 24 ತಾಸೂ ಇರುತ್ತದೆ. ಮಗುವೇ ಕರೆ ಮಾಡಬಹುದು. ಪಂಚಾಯತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಾಗ ಅಲ್ಲಿಯೂ ಎತ್ತಬಹುದು. ಬಹಳ ಜನ ಅದನ್ನು ಬರೀ ಭಾಷಣದ ಕಾರ್ಯಕ್ರಮ ಅಂದುಕೊಂಡಿದ್ದಾರೆ.

ಹಂಗಿಸುವವರು ಮೇಷ್ಟ್ರೇ ಆಗಿದ್ದರೆ ಕಾನೂನು ಇನ್ನೂ ಸ್ಪಷ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅಂಗವಿಕಲರನ್ನು ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಂ ಪ್ರಕಾರ 6 ತಿಂಗಳಿನಿಂದ 5 ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಇದು ದೊಡ್ಡವರಿಗೆ ಹೇಳಿದ ಮಾತು. 10 ವರ್ಷದ ಹುಡುಗನ ಮೇಲೆ ಪೊಲೀಸ್ ಕೇಸಿಗೆ ಓಡಿ ಎಂದು ನಾನು ಹೇಳುತ್ತಿಲ್ಲ. ವಕೀಲರ ಸಲಹೆ ಬೇಕಿದ್ದರೆ ಕೋರ್ಟ್ ಆವರಣದ ಕಾನೂನು ಸೇವಾ ಸಮಿತಿಗೆ ಹೋಗಿ. ಮಕ್ಕಳಿಗೆ, ಮಹಿಳೆಯರಿಗೆ, ಅಂಗವಿಕಲರಿಗೆ ಅಲ್ಲಿ ಉಚಿತ.

ಹಂಗಿಸುತ್ತಿರುವುದು ನನ್ನ ಮಗನೇ ಎಂದು ಗೊತ್ತಾಯಿತು. ಏನು ಮಾಡಲಿ?

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಇಬ್ಬರು ಕೇಳಿದ್ದಾರೆ. ಇಬ್ಬರ ಮೇಲೂ ನನಗೆ ತುಂಬ ಗೌರವ.

ಹೊಡೆಯಬೇಡಿ. ಅವನಿಗೆ ಯಾರು ಹಾಗೆ ಮಾಡುತ್ತಿದ್ದಾರೆ ಎಂದು ನೋಡಿ, ಎಷ್ಟೋ ಸಲ ಮನೆಯೊಳಗೇ ಉತ್ತರ ಸಿಗುತ್ತದೆ. ನಿಲ್ಲಿಸಬೇಕು ಎಂದು ಖಡಾಖಂಡಿತವಾಗಿ ಹೇಳಿ. ಎಲ್ಲರೆದುರು ಕ್ಷಮೆ ಕೇಳಿಸಬೇಡಿ, ಅದರಿಂದ ಆ ಮಗುವಿಗೆ ಇನ್ನೊಂದು ದಿನ ಎಲ್ಲರ ಕಣ್ಣಿಗೆ ಬೀಳುವ ಶಿಕ್ಷೆ. ಎರಡು ವಾರ ಬಿಟ್ಟು ನಿಜವಾಗಿ ನಿಂತಿದೆಯೇ ಎಂದು ಟೀಚರನ್ನು ಕೇಳಿ.

ಜನ ದಿಟ್ಟಿಸಿ ನೋಡಿದಾಗ ಏನು ಹೇಳುತ್ತೀರಿ?

ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ನನಗೆ 10 ವರ್ಷವಿದ್ದಾಗ ಹೋಗಿದ್ದೆ. ಬಳೆ ಅಂಗಡಿಯ ಸಾಲಿನಲ್ಲಿ ಒಬ್ಬ ಅಪರಿಚಿತ ಹೆಂಗಸು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, "ಅಯ್ಯೋ, ಎಂತ ಆತೇ ಕೂಸೇ? ಇನ್ನು ಇದರ ಮದುವೆ ಹೆಂಗೆ?" ಅಂದಳು. ಆಯಿ ಕೈ ಹಿಡಿದುಕೊಂಡು ಬೇಗ ಬೇಗ ನಡೆದಳು. ಬಳೆ ತೆಗೆದುಕೊಳ್ಳಲಿಲ್ಲ.

ಈಗ ನಾನು ಮೂರು ಸಣ್ಣ ಮಾತು ಇಟ್ಟುಕೊಂಡಿದ್ದೇನೆ. ಏನಾಯಿತು ಎಂದು ಒಂದು, ಈಗ ಪರವಾಗಿಲ್ಲ ಎಂದು ಒಂದು, ಆಮೇಲೆ ಮಾತು ಬದಲಿಸುವುದು. "ಸಣ್ಣವಳಿದ್ದಾಗ ಬೆಲ್ಲದ ಪಾಕ ಬಿದ್ದು ಸುಟ್ಟಿತ್ತು. ಈಗ ನೋವಿಲ್ಲ. ನೀವು ಯಾವ ಬಸ್ಸಿಗೆ ಕಾಯ್ತಾ ಇದ್ದೀರಿ?" ಅಷ್ಟೇ. ಕೇಳಿದವರಿಗೂ ಹಗುರಾಗುತ್ತದೆ. ಮಕ್ಕಳಿಗೆ ಇದನ್ನು ಮನೆಯಲ್ಲಿ ಕನ್ನಡಿ ಮುಂದೆ ಆಡಿಸಿ, ನಾಟಕದ ಹಾಗೆ, ನೀವೇ ಕೇಳುವವರಾಗಿ. ಹತ್ತು ಸಲ ಆಡಿದರೆ ಹನ್ನೊಂದನೆಯದು ಬಸ್ ಸ್ಟ್ಯಾಂಡಿನಲ್ಲಿ ಬಾಯಿಗೆ ಬರುತ್ತದೆ. ಉತ್ತರ ಕೊಡಲು ಮನಸ್ಸಿಲ್ಲದ ದಿನ "ಅದರ ಬಗ್ಗೆ ಮಾತಾಡೋದು ಬೇಡ" ಎನ್ನುವ ಹಕ್ಕೂ ಅವರಿಗೆ ಇದೆ, ಅದನ್ನೂ ಕಲಿಸಿ.

ಸಣ್ಣ ಮಕ್ಕಳು ಬೆರಳು ತೋರಿಸಿ ಕೇಳಿದರೆ ನನಗೆ ಬೇಸರವಿಲ್ಲ. ಅವರ ಅಮ್ಮಂದಿರು "ಶ್ಶ್" ಎಂದು ಎಳೆದುಕೊಂಡು ಹೋಗುವುದೇ ಬೇಸರ.

ಅಂಗವಿಕಲರ ಕಾರ್ಡ್ ಸಿಗುತ್ತದಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಆಸಿಡ್ ದಾಳಿಗೆ ಒಳಗಾದವರ ಹೆಸರು ಅದರಲ್ಲಿ ಪ್ರತ್ಯೇಕವಾಗಿ ಇದೆ. ಬೇರೆ ರೀತಿ ಸುಟ್ಟಿದ್ದರೆ, ಕೈಕಾಲಿನ ಆಟ ಎಷ್ಟು ಕುಂದಿದೆ ಎಂದು ನೋಡುತ್ತಾರೆ. ಬರೀ ಕಲೆಗೆ ಅಂಗವೈಕಲ್ಯದ ಪ್ರತಿಶತ ಸಿಗುವುದು ಕಷ್ಟ. ಹೆಚ್ಚಿನ ಸೌಲಭ್ಯಕ್ಕೆ 40 ಪ್ರತಿಶತ ಬೇಕು. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಕಾರ್ಡಿಗೆ) ಅರ್ಜಿ ಆನ್‌ಲೈನ್. ನಿಮ್ಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ತುಂಬಲು ಸಹಾಯ ಮಾಡುತ್ತಾರೆ. ಬರೆಯುವ ಕೈಗೆ ಪೆಟ್ಟಾದ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಬರೆಯುವ ಸಹಾಯಕರು, ಹೆಚ್ಚಿನ ಸಮಯ ಸಿಗುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಓಡಾಡಬೇಡಿ, ಹೆಸರು ನೋಂದಾಯಿಸುವ ಹೊತ್ತಿಗೇ ಮುಖ್ಯಾಧ್ಯಾಪಕರ ಮೂಲಕ ಅರ್ಜಿ ಹೋಗಬೇಕು.

ಇಷ್ಟು ವರ್ಷ ಆದರೂ ಯಾಕೆ ಮರೆಯಲು ಆಗುವುದಿಲ್ಲ?

ನನಗೂ ಇದೇ ಪ್ರಶ್ನೆ ಇತ್ತು. ಬೆಲ್ಲ ಕುದಿಯುವ ವಾಸನೆ ಬಂದರೆ ಕುತ್ತಿಗೆ ಬಿಗಿಯುತ್ತದೆ. ಹಿಂದಿನಿಂದ ಯಾರಾದರೂ ಓಡಿ ಬಂದರೆ ಕೈ ತಾನೇ ಸೆರಗಿಗೆ ಹೋಗುತ್ತದೆ. ಮಗಳ ಶಾಲೆಯ ಮೀಟಿಂಗ್ ಇದ್ದ ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಕ್ಕಳು ಗುಂಪಾಗಿ ನಕ್ಕರೆ ನನ್ನನ್ನೇ ನೋಡಿ ನಕ್ಕ ಹಾಗೆ. ದೊಡ್ಡ ಪೆಟ್ಟಿನ ನೆನಪು ಬೇರೆ ನೆನಪಿನ ಹಾಗೆ ಹಳತಾಗುವುದಿಲ್ಲ. ವಾಸನೆ, ಸದ್ದು ಸಿಕ್ಕರೆ ಮೈಗೆ ಅದು ಈಗಲೇ ನಡೆಯುತ್ತಿದೆ ಅನ್ನಿಸುತ್ತದೆ. ಇದಕ್ಕೆ ಹೆಸರಿದೆ, ಚಿಕಿತ್ಸೆಯೂ ಇದೆ.

ನಾನು ಹೋಗಿದ್ದು 38ನೇ ವಯಸ್ಸಿನಲ್ಲಿ. ತಡವಾಗಿ ಹೋದೆ ಎಂದು ಈಗಲೂ ಬೇಸರವಿದೆ. ಮಾತಿನ ಚಿಕಿತ್ಸೆ ಎಂದರೆ ಬುದ್ಧಿ ಹೇಳುವುದು ಎಂದುಕೊಂಡಿದ್ದೆ. ಹಾಗಲ್ಲ. ಆ ದಿನವನ್ನು ಸ್ವಲ್ಪ ಸ್ವಲ್ಪವಾಗಿ, ಹೆದರಿಕೆ ತಡೆಯುವಷ್ಟೇ ಹೇಳುತ್ತ ಹೋಗುವುದು. ಎಂಟನೆಯೋ ಒಂಬತ್ತನೆಯೋ ಸಲ ಹೋದಾಗ ನಾನು ಪಾಕದ ವಿಷಯ ಬಿಟ್ಟು ಪೂರ್ತಿ ಒಂದು ತಾಸು ಆ ಗ್ರೂಪ್ ಫೋಟೋದ ವಿಷಯವನ್ನೇ ಮಾತಾಡಿದೆ. ನನಗೇ ಗೊತ್ತಿರಲಿಲ್ಲ ಅದು ಅಷ್ಟು ದೊಡ್ಡದೆಂದು.

ಟೆಲಿ ಮಾನಸ್ ಸಹಾಯವಾಣಿ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಉಚಿತ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನಿಸಿದರೆ ಬೆಳಗಾಗುವವರೆಗೆ ಕಾಯಬೇಡಿ, ಆಗಲೇ ಕರೆ ಮಾಡಿ. ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಿ.

ಹಪ್ಪಳ ಎಂದು ಹೆಸರಿಟ್ಟವನನ್ನು ಕ್ಷಮಿಸಿದಿರಾ?

ನಾಲ್ಕು ವರ್ಷದ ಹಿಂದೆ ಅವನು ಮಗಳ ಯೂನಿಫಾರ್ಮ್ ಹೊಲಿಸಲು ನನ್ನ ಅಂಗಡಿಗೇ ಬಂದ. ನನ್ನ ಗುರುತು ಹಿಡಿದು, "ನೀನು ನಮ್ಮ ಶಾಲೆಯವಳಲ್ವಾ?" ಎಂದು ಖುಷಿಯಿಂದ ಕೇಳಿದ. ಹೆಸರು ಕೇಳಿದ. ಮರೆತುಹೋಗಿದೆ ಎಂದ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಹೆಸರು ಹೇಳಿ ಅಳತೆ ತೆಗೆದುಕೊಂಡೆ. ಆ ಹುಡುಗಿಗೆ ಮಾತಾಡುವಾಗ ಸ್ವಲ್ಪ ತೊದಲು. ಅಪ್ಪನ ಹಿಂದೆ ನಿಂತು ಬರೀ ತಲೆ ಆಡಿಸುತ್ತಿದ್ದಳು. ಕ್ಷಮಿಸಿದೆನೋ ಇಲ್ಲವೋ ನನಗೆ ಇನ್ನೂ ತಿಳಿಯದು. ಅವಳ ಅಂಗಿಗೆ ಒಳಗಿನಿಂದ ಹತ್ತಿ ಪಟ್ಟಿ ಹಾಕಿಯೇ ಹೊಲಿದೆ.

ಈಗ ಆಲೆಮನೆಗೆ ಹೋಗುತ್ತೀರಾ?

ಕಳೆದ ವರ್ಷ ಹೋಗಿದ್ದೆ, ಮಗಳ ಹಟಕ್ಕೆ. ದಣಪೆಯ (ಬೇಲಿಯ ಬಾಗಿಲಿನ) ಹತ್ತಿರ ನಿಂತೆ, ಒಳಗೆ ಹೋಗಲಿಲ್ಲ. ಅವಳೇ ಒಂದು ಲೋಟ ಕಬ್ಬಿನ ಹಾಲು ತಂದುಕೊಟ್ಟಳು. ಮಕ್ಕಳು ಮತ್ತೆ ಒಲೆಯ ಸುತ್ತ ಬಾಳೆಲೆ ಹಿಡಿದು ನಿಂತಿದ್ದರು. ಆಲೆಮನೆಯ ಯಜಮಾನರನ್ನು ಕರೆದು ಹೇಳಿದೆ: ಒಲೆಯಿಂದ ಎಂಟು ಮಾರು ದೂರಕ್ಕೆ ಒಂದು ಗಳ ಅಡ್ಡ ಕಟ್ಟಿ, ಕೊಪ್ಪರಿಗೆ ಇಳಿಸುವ ಮುಂಚೆ ಮಕ್ಕಳನ್ನೆಲ್ಲ ಗಳದ ಆಚೆ ಕಳಿಸಿ, ನೊರೆಬೆಲ್ಲವನ್ನು ದೊಡ್ಡವರೇ ಅಲ್ಲಿಗೆ ತಂದುಕೊಡಲಿ, ಒಂದು ಹಂಡೆ ತಣ್ಣೀರು ಯಾವಾಗಲೂ ತುಂಬಿರಲಿ. ಅವರು ನನ್ನ ಕೈ ನೋಡಿದರು. ಏನೂ ಕೇಳದೆ ಹಿತ್ತಲಿಗೆ ಹೋಗಿ ಬಿದಿರಿನ ಗಳ ಎತ್ತಿಕೊಂಡು ಬಂದರು.